ಗುರುವಾರದ ಹಬೆ

ಔತಿಯ ಗುರುವಾರದ ಸೌನಾ ಸರದಿಯನ್ನು ಅವಳಿಗೆ ಒಂದು ಮಾತೂ ಹೇಳದೆ ಕಿತ್ತು ಬೇರೊಬ್ಬರಿಗೆ ಕೊಟ್ಟರು.

ಅದು ಅವಳಿಗೆ ಗೊತ್ತಾದದ್ದು ಸಂಜೆ ಆರಕ್ಕೆ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹಬೆಯಲ್ಲಿ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಹಿಡಿದು ಅವಳು ಅಂಗಳದ ಮೂಲೆಯ ಸೌನಾಕ್ಕೆ, ಮನೆಯವರೆಲ್ಲ ಸರದಿಯಲ್ಲಿ ಬಳಸುವ ಆ ಹಬೆಸ್ನಾನದ ಕೋಣೆಗೆ, ಬಂದಾಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬಡಿದಳು. ತೆರೆದವನು ಒಬ್ಬ ಗಂಡಸು. ಸೊಂಟಕ್ಕೊಂದು ಟವೆಲ್ಲು, ಕೆಂಪೇರಿದ ಮುಖ, ಹುಬ್ಬಿನಿಂದ ತೊಟ್ಟಿಕ್ಕುವ ಬೆವರು.

ಇಬ್ಬರೂ ಒಮ್ಮೆ ಒಬ್ಬರನ್ನೊಬ್ಬರು ನೋಡಿ, ಆಮೇಲೆ ನೆಲ ನೋಡಿದರು.

"ಇದು... ನನ್ನ ಸರದಿ," ಎಂದಳು ಔತಿ.

"ಹೌದಾ? ನನ್ನದು ಅಂತ ಹೇಳಿದ್ರು. ಗುರುವಾರ, ಆರರಿಂದ ಏಳೂವರೆ. ಎರಡನೇ ಮಹಡಿಗೆ ಹೊಸದಾಗಿ ಬಂದಿದ್ದೀನಿ. ತಾಪಿಯೊ ಅಂತ."

"ಬಾಡಿಗೆಗಾ?"

"ಇಲ್ಲ... ಕೊಂಡುಕೊಂಡೆ."

ಆ ಒಂದು ಪದದಲ್ಲಿ ಅವಳಿಗೆ ಎಲ್ಲ ತಿಳಿಯಿತು. ಪಿಸ್ಪಲ ಗುಡ್ಡದ ಆ ಹಳೆಯ ಮರದ ಮನೆಯಲ್ಲಿ ಕೊಂಡವರು, ಬಾಡಿಗೆಯವರು ಎಂದು ಎರಡು ಜಾತಿ. ಮೆಟ್ಟಿಲು ಒಂದೇ, ಅಂಗಳ ಒಂದೇ. ಹಿಮ ಬಿದ್ದಾಗ ಸಲಿಕೆ ಹಿಡಿಯುವುದು ಮಾತ್ರ ಹೆಚ್ಚಾಗಿ ಬಾಡಿಗೆಯವರು.

"ಕ್ಷಮಿಸಿ," ಎಂದು ಔತಿ ತಿರುಗಿ ನಡೆದಳು.

ಅನ್ಯಾಯ ಮಾಡಿದವರು ಯಾರೋ, ಕ್ಷಮೆ ಕೇಳಿದವಳು ಇವಳು. ಬಾಡಿಗೆ ಮನೆಯಲ್ಲಿ ಬೆಳೆದವರ ನಾಲಿಗೆಗೆ ಮೊದಲು ಅಂಟುವ ಮಾತೇ ಅದು.

ಮನೆ ಸಂಘದ ಅಧ್ಯಕ್ಷ ಪುಲ್ಕಿನೆನ್ ಫೋನಿನಲ್ಲಿ ತುಂಬ ಸೌಮ್ಯವಾಗಿ ಮಾತಾಡಿದ.

"ನೋಡಿ ಔತಿ, ಬಾಡಿಗೆಯವರಿಗೆ ಸರದಿ ಕೊಟ್ಟಿದ್ದು ನಮ್ಮ ಸೌಜನ್ಯ. ಈಗ ಮಾಲೀಕರು ಜಾಸ್ತಿ ಆದ್ರು. ಸೌಜನ್ಯಕ್ಕೆ ಜಾಗ ಇಲ್ಲ."

"ಒಂದು ಮಾತು ಹೇಳಬಹುದಿತ್ತಲ್ಲ?"

"ಈಗ ಹೇಳ್ತಿದ್ದೀನಲ್ಲ."

*

ಸೌನಾ ಹೋದರೆ ಏನು ಮಹಾ ಹೋಯಿತು ಎಂದು ಕೇಳುವವರು ಔತಿಯ ಹಾಸಿಗೆಯಲ್ಲಿ ಒಮ್ಮೆ ಮಲಗಿ ನೋಡಬೇಕು.

ಅವಳದು ಬೇಕರಿ ಕೆಲಸ. ಊರು ಮಲಗಿರುವಾಗ ಎದ್ದು ಹೋಗಿ ರೊಟ್ಟಿಗೆ ರೈ ಧಾನ್ಯದ ಹಿಟ್ಟು ಕಲಸಬೇಕು. ಹಾಗಾಗಿ ಸಂಜೆ ಎಂಟಕ್ಕೆಲ್ಲ ಅವಳು ನಿದ್ದೆ ಹೋಗಬೇಕು. ಉತ್ತರದ ಆ ನಾಡಿನ ಬೇಸಿಗೆಯಲ್ಲಿ ಆ ಹೊತ್ತಿಗೆ ಸೂರ್ಯ ಕೆರೆಯ ಮೇಲೆ ನಡು ಮಧ್ಯಾಹ್ನದ ಠೀವಿಯಲ್ಲಿ ನಿಂತಿರುತ್ತಾನೆ. ಮೈ ಹಾಸಿಗೆಗೆ ಬೀಳುತ್ತಿತ್ತು, ತಲೆ ಮಾತ್ರ ಹಿಟ್ಟು ಕಲಸುವ ಯಂತ್ರದ ಹಾಗೆ ತಿರುಗುತ್ತಲೇ ಇರುತ್ತಿತ್ತು. ಒಲೆ ಆರಿಸಿದೆನಾ? ಅಮ್ಮನಿಗೆ ಫೋನ್ ಮಾಡಿದೆನಾ? ಮೇಸ್ತ್ರಿ ಹಾಗೆ ನೋಡಿದ್ದು ಯಾಕೆ?

ಗುರುವಾರ ಮಾತ್ರ ಆ ಯಂತ್ರ ನಿಲ್ಲುತ್ತಿತ್ತು. ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು... ಬೆನ್ನನ್ನು ಅಪ್ಪಿಕೊಳ್ಳುವ ಹಬೆ... ಆಮೇಲೆ ಅಂಗಳದ ತಂಗಾಳಿ. ಹಾಸಿಗೆ ಸೇರುವ ಮೊದಲೇ ಕಣ್ಣು ಮುಚ್ಚುತ್ತಿದ್ದವು. ಶುಕ್ರವಾರ ವಾರದಲ್ಲೇ ಹೆಚ್ಚು ರೊಟ್ಟಿ ಬೇಯುವ ದಿನ. ಆ ದಿನವನ್ನು ಅವಳು ಗುರುವಾರದ ನಿದ್ದೆಯ ಬಲದ ಮೇಲೆಯೇ ದಾಟುತ್ತಿದ್ದಳು.

ಈಗ ಅದೂ ಇಲ್ಲ.

ಕಿಟಕಿಗೆ ಕಪ್ಪು ಪರದೆ ಕಟ್ಟಿದಳು. ಬಿಸಿ ಹಾಲು ಕುಡಿದಳು. ಉಣ್ಣೆಯ ಕಾಲುಚೀಲ ಹಾಕಿದಳು. ಹಿಂದೆ ರೇಡಿಯೊದಿಂದ ಧ್ವನಿಮುದ್ರಿಸಿಟ್ಟ ಸಮುದ್ರದ ಹವಾಮಾನ ವರದಿ ಕೇಳಿದಳು. ಗಾಳಿ ಇಷ್ಟು, ಅಲೆ ಇಷ್ಟು ಎಂದು ಓದುವ ಆ ನಿಧಾನದ ದನಿಗೆ, ಹಡಗಿನ ಮುಖವನ್ನೇ ಕಾಣದ ಜನರೂ ಗೊರಕೆ ಹೊಡೆಯುತ್ತಾರೆ. ಔತಿ ಮಾತ್ರ ಬೋತ್ನಿಯಾ ಕೊಲ್ಲಿಯ ಅಲೆಗಳನ್ನೆಲ್ಲ ಎಣಿಸಿ ಎದ್ದು ಕೂತಳು.

ಒಂದು ಶುಕ್ರವಾರ ಇಡೀ ಕೊಪ್ಪರಿಗೆ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಳು.

"ಇನ್ನೊಂದು ಸಲ ಹೀಗಾದ್ರೆ ನಾನು ಸುಮ್ಮನಿದ್ರೂ ಮೇಲಿನವರು ಸುಮ್ಮನಿರಲ್ಲ," ಎಂದ ಮೇಸ್ತ್ರಿ. "ಬೇರೆ ಕೆಲಸ ನೋಡ್ಕೋಬೇಕಾಗುತ್ತೆ. ನಿದ್ದೆ ಮಾಡು ಮಾರಾಯ್ತಿ."

ನಿದ್ದೆ ಮಾಡು. ಅದೇನು ಅಂಗಡಿಯಲ್ಲಿ ಸಿಗುತ್ತದೆಯೇ?

*

ಎರಡನೇ ಮಹಡಿಯವನ ಮೇಲೆ ಅವಳ ಸಿಟ್ಟು ದಿನದಿನಕ್ಕೆ ಹುಳಿಹಿಟ್ಟಿನಂತೆ ಉಬ್ಬತೊಡಗಿತು.

ಅವಳು ಮೆಟ್ಟಿಲು ಇಳಿಯುವಾಗ ಅವನ ಬಾಗಿಲಿನ ಹಿಂದೆ ಬೀಗದ ಕೈ ಅರ್ಧ ತಿರುಗಿ ನಿಂತುಬಿಡುತ್ತಿತ್ತು. ಅವಳು ಕೆಳಗೆ ತಲುಪಿದ ಮೇಲೆಯೇ ಬಾಗಿಲು ತೆರೆಯುತ್ತಿತ್ತು. 'ಬಾಡಿಗೆಯವಳ ಮುಖ ನೋಡಿದರೆ ಇವನ ದಿನ ಕೆಡುತ್ತೇನೋ...' ಎಂದುಕೊಂಡಳು.

ಅದಕ್ಕಿಂತ ಉರಿಸಿದ್ದು ಗುರುವಾರದ ಹೊಗೆ. ಅವಳ ಕಿಟಕಿಯಿಂದ ಸೌನಾ ನೇರ ಕಾಣುತ್ತಿತ್ತು. ಆರಕ್ಕೆ ಒಳಗೆ ಹೋದ ಮನುಷ್ಯ ಆರೂವರೆಗೆಲ್ಲ ತಲೆ ಒದ್ದೆ ಮಾಡಿಕೊಂಡು ಹೊರಗೆ ಬರುತ್ತಿದ್ದ. ಬಂದವನು ಮತ್ತೆ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದ. ಆಮೇಲೆ ಅಂಗಳದ ಬೆಂಚಿನ ಮೇಲೆ ಏಳೂವರೆಯವರೆಗೆ ಸುಮ್ಮನೆ ಕೂತಿರುತ್ತಿದ್ದ. ಒಳಗೆ ಯಾರೂ ಇಲ್ಲ. ಖಾಲಿ ಕೋಣೆ ಕಾಯುತ್ತಿತ್ತು. ವಾರ ವಾರವೂ.

"ದುಡ್ಡಿನ ಮದ," ಎಂದು ಅವಳು ಕೆಳಗಿನ ಮನೆಯ ಲೆಂಪಿ ಅಜ್ಜಿಯ ಮುಂದೆ ಕಾರಿಕೊಂಡಳು. "ನಮಗೆ ಒಂದು ಸೌಟು ಹಬೆ ಇಲ್ಲ. ಅವನು ಗೋಡೆಗೆ ಸ್ನಾನ ಮಾಡಿಸ್ತಾನೆ."

ಲೆಂಪಿಯೂ ಬಾಡಿಗೆಯವಳೇ. ಮಂಗಳವಾರದ ಅವಳ ಸರದಿಯ ಮೇಲೂ ಪುಲ್ಕಿನೆನ್‌ನ ಕಣ್ಣಿತ್ತು. ಕಾಫಿ ಬಟ್ಟಲಿನ ಮೇಲಿಂದ ಅವಳು ಔತಿಯನ್ನು ಕನಿಕರದಿಂದ ನೋಡಿದಳು.

"ಖಾಲಿ ಸೌನಾಗೆ ಯಾರು ಕಟ್ಟಿಗೆ ಹಾಕ್ತಾರೆ ಹುಡುಗಿ? ಹುಚ್ಚ ಹಾಕ್ತಾನೆ. ಇಲ್ಲ, ಯಾರಿಗೋ ಕಾಯ್ತಿರೋನು ಹಾಕ್ತಾನೆ."

"ಯಾರಿಗೆ ಕಾಯ್ತಾನೆ?"

"ನನಗಂತೂ ಇರಲಾರದು. ಎಂಬತ್ತು ದಾಟಿದೆ." ಕಾಫಿ ಹೀರಲು ಲೆಂಪಿ ಸಕ್ಕರೆ ಚೂರನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಂಡಳು. "ಒಬ್ಬ ಅಲ್ಲಿ ಬೆಂಕಿ ಹಾಕ್ಕೊಂಡು ಕೂತಿದ್ದಾನೆ, ಒಬ್ಬಳು ಇಲ್ಲಿ ಕಿಟಕಿಯಲ್ಲಿ ಉರೀತಿದ್ದಾಳೆ. ಹೋಗಿ ಕೇಳು. ಬಾಯಿ ಇರೋದು ಬರೀ ಗಂಜಿಗಲ್ಲ."

*

ಮುಂದಿನ ಗುರುವಾರ ಔತಿ ಅಂಗಳಕ್ಕೆ ಇಳಿದಳು. ತಾಪಿಯೊ ಬೆಂಚಿನ ಮೇಲೆ ಕೂತಿದ್ದವನು ಅವಳನ್ನು ಕಂಡು ಎದ್ದು ನಿಂತ.

"ಖಾಲಿ ಕೋಣೆಗೆ ಯಾಕೆ ಬೆಂಕಿ ಹಾಕ್ತೀರ?" ಎಂದಳು. ದನಿ ಅವಳು ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು.

"ಖಾಲಿ ಇರಲಿ ಅಂತ ಅಲ್ಲ..." ಅವನ ಕಿವಿ ಕೆಂಪಾಯಿತು. "ನಿಮಗೆ."

"ನನಗಾ?"

"ಅವತ್ತೇ ಪುಲ್ಕಿನೆನ್‌ಗೆ ಕೇಳಿದೆ, ಸರದಿ ನಿಮಗೇ ವಾಪಸ್ ಕೊಡಿ ಅಂತ. ಆಗಲ್ಲ, ನಿನಗೆ ಬೇಡ ಅಂದ್ರೆ ಮುಂದಿನ ಮಾಲೀಕರಿಗೆ ಹೋಗುತ್ತೆ ಅಂದ್ರು. ಅದಕ್ಕೇ ಇಟ್ಕೊಂಡೆ. ನನಗೆ ಅರ್ಧ ಗಂಟೆ ಸಾಕು. ಉಳಿದದ್ದು ನಿಮ್ಮದು. ಬಾಗಿಲು ತೆಗೆದೇ ಇರ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ?"

"ಹೊಗೆ ಕಾಣಿಸುತ್ತಲ್ಲ ಅಂದುಕೊಂಡೆ."

ಔತಿ ಚಿಮಣಿಯ ಕಡೆ ನೋಡಿದಳು. ವಾರಗಟ್ಟಲೆ ಈ ಮನುಷ್ಯ ಹೊಗೆಯಲ್ಲಿ ಕರೆದಿದ್ದಾನೆ... ವಾರಗಟ್ಟಲೆ ನಾನು ಅದನ್ನು ಬೈಗುಳ ಅಂದುಕೊಂಡಿದ್ದೇನೆ. ಇನ್ನೊಬ್ಬರ ಸರದಿಯಲ್ಲಿ ಕಾಲಿಡಬಾರದು ಎಂದು ಎಳವೆಯಲ್ಲೇ ಕಲಿತವಳು ತೆರೆದ ಬಾಗಿಲನ್ನೂ ಗೋಡೆ ಎಂದೇ ನೋಡಿದ್ದಳು.

"ಮತ್ತೆ ಮೆಟ್ಟಿಲಲ್ಲಿ ನನ್ನ ಹೆಜ್ಜೆ ಕೇಳಿದ್ರೆ ಬಾಗಿಲ ಹಿಂದೆ ಅಡಗಿಕೊಳ್ಳೋದು?"

"ಅದು... ನಿಮಗೆ ಮುಜುಗರ ಆಗಬಾರದು ಅಂತ. ಎಲ್ರೂ ಹಾಗೇ ಮಾಡಲ್ವಾ? ನೀವು ಮಾಡಲ್ವಾ?"

ಮಾಡುತ್ತಿದ್ದಳು. ದಿನವೂ ಮಾಡುತ್ತಿದ್ದಳು. ಎದುರು ಮನೆಯವರ ಸದ್ದು ಅಡಗುವವರೆಗೆ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದಳು. ಪಕ್ಕದವರಿಗೆ ತೊಂದರೆ ಕೊಡದಿರುವುದೇ ಇಲ್ಲಿನ ಮರ್ಯಾದೆ. ಆ ಮರ್ಯಾದೆಯ ಮರೆಯಲ್ಲಿ ಪುಲ್ಕಿನೆನ್‌ನಂಥವರು ಏನು ಬೇಕಾದರೂ ಕಿತ್ತುಕೊಳ್ಳಬಹುದು, ಯಾರೂ ಬಾಯಿ ಬಿಡುವುದಿಲ್ಲ.

ಔತಿಗೆ ನಗು ಬಂತು. ತಡೆಯಲಾಗದ ನಗು. ಅವನೂ ನಕ್ಕ.

"ಹೋಗಿ," ಎಂದ. "ಕಲ್ಲು ಕಾದಿದೆ."

*

ಆ ಸಂಜೆ ಅವಳು ಹೇಗೆ ಮಲಗಿದಳೆಂದರೆ, ಅಲಾರಾಂ ಹೊಡೆದಾಗ ತಾನು ಯಾರೆಂದು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಹಿಟ್ಟಿಗೆ ಉಪ್ಪು ಬಿತ್ತು. ಮೇಸ್ತ್ರಿ ಮೊದಲ ರೊಟ್ಟಿ ಮುರಿದು ತಿಂದು, ಏನೂ ಹೇಳದೆ ಇನ್ನೊಂದು ತುಂಡು ತೆಗೆದುಕೊಂಡ.

ಗುರುವಾರಗಳು ಹಾಗೇ ಸಾಗಿದವು. ಅವಳು ಒಳಗೆ ಮೇಲಿನ ಹಲಗೆಯ ಮೇಲೆ, ಅವನು ಹೊರಗೆ ಜಗಲಿಯಲ್ಲಿ, ನಡುವೆ ಮುಚ್ಚಿದ ಬಾಗಿಲು. ಮುಖ ಕಾಣದ ಕಾರಣಕ್ಕೋ ಏನೋ, ಮಾತು ಸಲೀಸಾಗಿ ಬರುತ್ತಿತ್ತು. ತಾಪಿಯೊ ಶಿಶುವಿಹಾರದಲ್ಲಿ ಮೇಷ್ಟ್ರು. ಊಟವಾದ ಮೇಲೆ ಮಕ್ಕಳನ್ನು ಮಲಗಿಸುವುದು ಅವನ ಪಾಲಿನ ಕೆಲಸ.

"ಹೇಗೆ ಮಲಗಿಸ್ತೀರ?" ಎಂದು ಒಂದು ದಿನ ಕೇಳಿದಳು.

"ಮಲಗು ಅಂತ ಮಾತ್ರ ಹೇಳಲ್ಲ. ಹಾಗಂದ್ರೆ ಒಬ್ಬರೂ ಮಲಗಲ್ಲ. ಕಾಲಿನ ಬೆರಳಿಂದ ಶುರು ಮಾಡ್ತೀನಿ. ಹೆಬ್ಬೆರಳು ನಡೆದು ನಡೆದು ಸುಸ್ತಾಗಿದೆ, ಅದನ್ನ ಬಿಟ್ಟುಬಿಡೋಣ. ಪಾದಕ್ಕೆ ಇನ್ನೇನೂ ಕೆಲಸ ಇಲ್ಲ, ಅದನ್ನೂ ಬಿಟ್ಟುಬಿಡೋಣ... ಹೊಟ್ಟೆ ತಲುಪೋ ಹೊತ್ತಿಗೆ ಅರ್ಧ ಜನ ನಿದ್ದೆ."

"ಉಳಿದರ್ಧ?"

"ಅವರು ನಿಮ್ಮ ಹಾಗೆ. ತಲೆಯಲ್ಲಿ ಏನೋ ಓಡ್ತಿರುತ್ತೆ. ಏನು ಅಂತ ಕಿವಿಯಲ್ಲಿ ಹೇಳಿಸ್ಕೋತೀನಿ. 'ಸರಿ, ನೀನೆದ್ದೇಳೋವರೆಗೆ ಇದು ನನ್ನ ಹತ್ರ ಇರಲಿ' ಅಂತೀನಿ. ಕೊಟ್ಟು ಮಲಗ್ತಾರೆ."

ಬಾಗಿಲಿನ ಆಚೆ ಸೌಟು ಬಕೆಟ್ಟಿನ ಅಂಚಿಗೆ ತಾಗಿದ ಸದ್ದಾಯಿತು.

"ನನ್ನದೂ ಇಟ್ಕೋತೀರ?" ಎಂದಳು ಔತಿ. ಬೆವರಿನ ಜೊತೆ ಕಣ್ಣೀರೂ ಇಳಿಯುತ್ತಿತ್ತು. ಅದು ಬೆವರೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

"ಯಾವತ್ತಿಂದಲೋ ಇಟ್ಕೊಂಡಿದ್ದೀನಿ." ಅವನ ದನಿ ತಗ್ಗಿತು. "ನೀವು ಕೆಲಸಕ್ಕೆ ಹೋಗುವಾಗ ಬೂಟು ಕೈಯಲ್ಲಿ ಹಿಡ್ಕೊಂಡು ಮೆಟ್ಟಿಲು ಇಳೀತೀರ. ಬೇರೆಯವರ ನಿದ್ದೆ ಕೆಡಬಾರದು ಅಂತ. ನಿಮ್ಮ ನಿದ್ದೆ ಕೆಡಿಸಿದ ಮನೆಯಲ್ಲಿ... ಅದನ್ನ ಕಂಡ ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ."

ಔತಿ ಒಂದು ಸೌಟು ನೀರು ಕಲ್ಲಿಗೆ ಹಾಕಿದಳು. ಕಲ್ಲು ಅವಳ ಪರವಾಗಿ ಉಸಿರು ಬಿಟ್ಟಿತು.

*

ಆಗಸ್ಟ್‌ನಲ್ಲಿ ಲೆಂಪಿಯ ಮಂಗಳವಾರವೂ ಹೋಯಿತು. ಅಜ್ಜಿ ಅಳಲಿಲ್ಲ. ಗುರುವಾರ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು, ಔತಿಯ ಪಕ್ಕ ಹಲಗೆಯ ಮೇಲೆ ಕೂತಳು.

ಅದೇ ಸಂಜೆ ಪುಲ್ಕಿನೆನ್ ಅಂಗಳಕ್ಕೆ ಬಂದ.

ಸೌನಾದ ಹತ್ತಿರ ಯಾರೂ ದನಿ ಏರಿಸುವುದಿಲ್ಲ. ಅಲ್ಲಿ ಜಗಳವಾಡಿದರೆ ಹಬೆ ಮುನಿಸಿಕೊಳ್ಳುತ್ತದೆ ಎಂಬುದು ಅಜ್ಜಿಯರ ಕಾಲದ ಮಾತು. ಪುಲ್ಕಿನೆನ್‌ಗೂ ಒಬ್ಬ ಅಜ್ಜಿ ಇದ್ದಿರಬೇಕು. ಹಾಗಾಗಿ ಅವನು ತನ್ನ ಸಿಟ್ಟನ್ನೆಲ್ಲ ಪಿಸುಮಾತಿನಲ್ಲೇ ಆಡಬೇಕಾಯಿತು.

"ತಾಪಿಯೊ, ಒಳಗೆ ಯಾರು?"

"ಔತಿ. ಲೆಂಪಿ ಅಜ್ಜಿ."

"ಮಾಲೀಕರ ಸರದಿ ಮಾಲೀಕರಿಗೆ, ಅವರ ಮನೆಯವರಿಗೆ ಮಾತ್ರ. ನಿಯಮ ಗೊತ್ತಲ್ಲ?" ಅವನು ಇನ್ನೂ ಹತ್ತಿರ ಬಾಗಿದ. "ನೋಡಪ್ಪಾ, ನಾನೂ ಮನುಷ್ಯನೇ. ಆ ಹುಡುಗಿ ನಿನ್ನ ಮನೆಯವಳು ಅಂತ ಒಂದು ಮಾತು ಹೇಳು. ನಾನು ಏನೂ ನೋಡಿಲ್ಲ. ಮುದುಕಿ ಮಾತ್ರ ಹೊರಗೆ ಬರಲಿ."

ಬಾಗಿಲಿನ ಒಳಗೆ ಲೆಂಪಿ ಔತಿಯ ತೊಡೆಗೆ ಮೆಲ್ಲಗೆ ಚಿವುಟಿದಳು.

"ಔತಿ ನನ್ನ ಮನೆಯವಳಾಗಲಿ ಅಂತ ನನಗೆ ಆಸೆ ಇದೆ," ಎಂದ ತಾಪಿಯೊ. "ಅವಳಿಗೆ ಇನ್ನೂ ಹೇಳಿಲ್ಲ. ಈಗ ಕೇಳಿಸಿರುತ್ತೆ. ಆದರೆ ಅದಕ್ಕೂ ಸೌನಾಗೂ ಸಂಬಂಧ ಇಲ್ಲ. ಗುರುವಾರ ಅವಳದೇ ಆಗಿತ್ತು, ನಾನು ಬರೋಕೆ ಮುಂಚೆ."

"ಹಾಗಾದ್ರೆ ಇಬ್ಬರೂ ಹೊರಗೆ ಬರಬೇಕು. ನೀನು ಒಲೆ ಆರಿಸು."

ತಾಪಿಯೊ ಬಾಗಿಲ ಕಡೆ ತಿರುಗಿದ. "ಔತಿ... ನೀವೇನಂತೀರ?"

ಔತಿಯ ನಾಲಿಗೆಯ ತುದಿಗೆ ಆ ಹಳೆಯ ಮಾತು ಬಂತು. ಕ್ಷಮಿಸಿ. ಅವಳು ಅದನ್ನು ನುಂಗಿದಳು. ಪಕ್ಕದಲ್ಲಿ ಲೆಂಪಿ ಕಣ್ಣು ಮುಚ್ಚಿ, ಗೋಡೆಗೆ ಒರಗಿ, ತುಟಿಯಂಚಿನಲ್ಲಿ ನಗುತ್ತಿದ್ದಳು. ತಲೆಯೊಳಗೆ ಯಾವ ಯಂತ್ರವೂ ತಿರುಗುತ್ತಿರಲಿಲ್ಲ.

"ತಾಪಿಯೊ, ನೀನು ಮೊದಲು ಹೇಳಿದ್ದು... ನಿಜವಾ?"

ಅವಳು 'ನೀನು' ಎಂದದ್ದು ಅವನಿಗೆ ಕೇಳಿಸಿತು. "ನಿಜ."

"ನನಗೂ ಅದೇ ಆಸೆ. ಅದರ ಮಾತು ಬೇರೆ ದಿನ ಕೂತು ಆಡೋಣ, ಎದುರುಬದುರು. ಬಟ್ಟೆ ಹಾಕ್ಕೊಂಡು."

ಲೆಂಪಿ ಕಿಸಕ್ಕನೆ ನಕ್ಕಳು.

"ಔತಿ," ಪುಲ್ಕಿನೆನ್ ಪಿಸುಗುಟ್ಟಿದ, "ಮರ್ಯಾದೆಯಿಂದ ಹೇಳ್ತಿದ್ದೀನಿ. ಹೊರಗೆ ಬನ್ನಿ."

"ಬರಲ್ಲ," ಎಂದಳು ಔತಿ, ಅಷ್ಟೇ ಮೆಲ್ಲಗೆ. "ಯಾರ ಮನೆಯವಳಾಗಿಯೂ ಇಲ್ಲಿ ಕೂತಿಲ್ಲ. ಬಾಡಿಗೆಯವಳಾಗಿ ಕೂತಿದ್ದೀನಿ. ಮುಂದಿನ ಗುರುವಾರವೂ ಕೂರ್ತೀನಿ."