ಶಟ್ಟೆವ್ವ ಎರೆದ ಕೂಸು

"ತಗೋ ಇದನ್ನ... ಇನ್ನ ಈ ಮನಿಯಾಗ ನಿಂದೇನೂ ಉಳದಿಲ್ಲ!"

ಶಟ್ಟೆವ್ವ ಸೊಸೆಯ ಸೀರೆಗಳನ್ನೆಲ್ಲ ಒಂದು ಚೀಲಕ್ಕೆ ತುರುಕಿ ಪಡಸಾಲೆಗೆ ಎಸೆದಳು. ರೊಟ್ಟಿ ಬಡಿಯುತ್ತಿದ್ದ ಮಹಾನಂದಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸಂಗೊಳ್ಳಿಯ ಆ ಓಣಿಯಲ್ಲಿ ಜಗಳವೆಂಬುದು ಒಂದೇ ಮನೆಯ ಸ್ವತ್ತಲ್ಲ. ಪಕ್ಕದ ಮನೆಯ ಕೃಷ್ಣವ್ವ ಕಸಬರಿಗೆ ಹಿಡಿದು ಬಂದು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸತೊಡಗಿದಳು.

"ಅತ್ತಿ, ನಾ ಏನ ತಪ್ಪ ಮಾಡೀನ್ರಿ?"

"ನಾಕ ವರ್ಷ ಆತು, ಈ ಮನಿಯಾಗ ಕೂಸಿನ ಅಳು ಕೇಳಿಲ್ಲ. ಇದಕ್ಕಿಂತ ದೊಡ್ಡ ತಪ್ಪ ಬೇಕೇನು? ರಾಮದುರ್ಗಕ್ಕ ಹೇಳಿ ಕಳಿಸೀನಿ. ಐತವಾರ ನಿಮ್ಮಣ್ಣ ಬಂದು ಕರಕೊಂಡ ಹೋಗ್ತಾನ. ನನ್ನ ಮಗಗ ಬ್ಯಾರೆ ಹೆಣ್ಣ ನೋಡೀನಿ!"

ಮಹಾನಂದಾ ಚೀಲವನ್ನು ಗೋಡೆಯ ಕಡೆ ಸರಿಸಿಟ್ಟಳು. ಏನೆಂದು ಹೇಳಿಯಾಳು? ಗಂಡ ತನ್ನನ್ನು ಮುಟ್ಟುವುದೇ ಇಲ್ಲವೆಂದು ಅತ್ತೆಗೆ ಹೇಳಲು ಯಾವ ಸೊಸೆಗೆ ಬಾಯಿ ಬಂದೀತು! ಭೀಮಶಿ ಕೆಟ್ಟವನಲ್ಲ. ಟ್ರ್ಯಾಕ್ಟರಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ಸವದತ್ತಿಯ ಕಡೆ ಹೋದರೆ ಹಸಿರು ಬಳೆ ತಂದು, ಅವಳ ಕೈಗೆ ಕೊಡದೆ ಗೂಡಿನಲ್ಲಿಟ್ಟು ಹೋಗಿಬಿಡುತ್ತಿದ್ದ. ಕಾರ್ಖಾನೆ ನಡೆಯುವಾಗ ಅಲ್ಲೇ ಮಲಗುತ್ತಿದ್ದ, ನಿಂತಾಗ ಹೊಲದ ನೆಪ ಹೇಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಹತ್ತಿರ ಬಂದವನು ಮುಖ ಕಿವಿಚಿಕೊಂಡು ಎದ್ದು ಹೊರಗೆ ಹೋಗಿದ್ದ... ಅಷ್ಟೇ. ತನ್ನ ರೂಪವೇ ಅವನಿಗೆ ಹಿಡಿಸಲಿಲ್ಲವೇನೋ ಎಂದು ಅವಳು ಕನ್ನಡಿಯ ಮುಂದೆ ಎಷ್ಟು ಸಲ ಕಣ್ಣೀರು ಹಾಕಿದ್ದಳೋ! ಅವನ ಅಂಗಿ ಒಗೆಯುವ ಮೊದಲು ಅದನ್ನು ಮುಖಕ್ಕೆ ಒತ್ತಿಕೊಳ್ಳುತ್ತಿದ್ದಳು. ಕಬ್ಬಿನ ರಸ, ಡೀಸೆಲ್, ಬೆವರು... ಗಂಡನೆಂದರೆ ಅವಳಿಗೆ ಆ ವಾಸನೆ ಮಾತ್ರವಾಗಿತ್ತು.

ಮಧ್ಯಾಹ್ನ ಊಟಕ್ಕೆ ಬಂದ ಭೀಮಶಿ ಚೀಲ ನೋಡಿ ನಿಂತುಬಿಟ್ಟ. ಮಹಾನಂದಾ ಅವನನ್ನು ಹಿತ್ತಲಿಗೆ ಕರೆದಳು.

"ಹೋಗಂದ್ರ ಹೋಗ್ತೀನ್ರಿ. ಒಂದ ಮಾತ ಖರೇ ಹೇಳ್ರಿ. ನಾ ನಿಮಗ ಬ್ಯಾಡಾದ್ನೇನು?"

ಭೀಮಶಿ ಹಿತ್ತಲ ಬಾಗಿಲನ್ನು ಮುಂದೆ ಮಾಡಿದ. "ಬ್ಯಾಡಾಗಿಲ್ಲ ಮಹಾನಂದಾ... ನಿನ್ನ ಹಂತೇಕ ಬರಬೇಕಂತ ಜೀವ ಬಡಕೋತೈತಿ. ಆದ್ರ ನನ್ನ ಮೈಯಾಗ ಊನ ಐತಿ. ಮುಂದಿನ ಚರ್ಮ ಬಿಗದೈತಿ, ಹಿಂದಕ್ಕ ಸರಿಯೂದ ಇಲ್ಲ. ನಿನ್ನ ಹತ್ರ ಬಂದಾಗ ಹರದು ರಗತ ಬಂದಿತ್ತು. ಒಂದಕ್ಕ ಹೋದ್ರೂ ಉರೀತೈತಿ."

"ಡಾಕ್ಟರಗ ಯಾಕ ತೋರಿಸಲಿಲ್ರಿ?"

"ಕೊಯ್ತಾರಂತ ಅಂಜಿದೆ. ಗೆಳೆಯಾರಿಗೆ ಹೇಳಿದ್ರ ನಗ್ತಾರ. ಇಂವಾ ಗಂಡಸ ಅಲ್ಲ ಅಂದಾರು..."

ಅವನು ಗಂಡಸೆನಿಸಿಕೊಳ್ಳಲೆಂದು ಇವಳು ಬಂಜೆಯೆನಿಸಿಕೊಂಡಿದ್ದಳು! ಮಹಾನಂದಾಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮರುಗಳಿಗೆಯಲ್ಲೇ ಎದೆಯ ಮೇಲಿನ ಕಲ್ಲೊಂದು ಇಳಿದಂತಾಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಅವನಿಗೆ ತಾನು ಬೇಕಾಗಿದ್ದೆ... ಬೇಕಾಗಿದ್ದೆ! ಆ ಅಳು ನೋಡಲಾರದೆ ಭೀಮಶಿ ನೇರ ಪಡಸಾಲೆಗೆ ನಡೆದ.

"ಅವ್ವಾ, ಕೊರತಿ ಆಕೀದಲ್ಲ, ನಂದು. ಬ್ಯಾರೆ ಹೆಣ್ಣಿನ ಮಾತ ಈ ಮನಿಯಾಗ ಇನ್ನ ಬ್ಯಾಡ. ನಾಳೆ ಬೈಲಹೊಂಗಲಕ್ಕ ದವಾಖಾನಿಗೆ ಹೊಂಟೀವಿ. ಕೃಷ್ಣಕ್ಕನೂ ಕೇಳಿಸಿಕೊಳ್ಳಲಿ!"

ಪಕ್ಕದ ಅಂಗಳದಲ್ಲಿ ಮತ್ತೆ ಶುರುವಾಗಿದ್ದ ಕಸಬರಿಗೆಯ ಸದ್ದು ಗಕ್ಕನೆ ನಿಂತಿತು.

ಶಟ್ಟೆವ್ವ ನಂಬದೆ ತಾನೂ ದವಾಖಾನೆಗೆ ಹೊರಟಳು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಗಂಡ ಹೆಂಡತಿ ಒಳಗೆ ಹೋದರು. ಡಾಕ್ಟರ್ ಕೌಶಿಕ ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು ಕುಳಿತರು.

"ಇದು ಭಾಳ ಮಂದಿಗೆ ಇರ್ತದ, ನಾಚಿಕಿ ಬಿಡ್ರಿ. ಸಣ್ಣವರಿದ್ದಾಗ ಎಲ್ಲಾರಿಗೂ ಆ ಚರ್ಮ ಅಂಟಿಕೊಂಡಿರ್ತದ, ಬೆಳೀತಾ ತಾನ ಸಡಲಾಗ್ತದ. ಮೆತ್ತಗಿದ್ರ ಮುಲಾಮು ಹಚ್ಚಿ ಕೆಲವು ವಾರ ನೋಡ್ತಿದ್ದೆ. ಕೆಲವರಿಗೆ ಸ್ವಲ್ಪ ಸೀಳಿ ಅಗಲ ಮಾಡಿದ್ರ ಸಾಕು. ನಿಮ್ಮದು ಗಾಯ ಮಾಯ್ದು ಮಾಯ್ದು ಬಿಳೇ ಕಲಿ ಕಟ್ಟಿ ಗಟ್ಟಿ ಆಗ್ಯದ, ತಗಿಯೂದ ಛಲೋ. ಹಂಗ ಬಿಟ್ರ ಕೀವು ತುಂಬ್ತದ, ಮೂತ್ರ ಕಟ್ತದ, ಮುಂದ ದೊಡ್ಡ ರೋಗಕ್ಕೂ ದಾರಿ ಆಗ್ತದ. ಶುಗರ್ ಇದ್ರೂ ಹಿಂಗ ಆಗೂದುಂಟು, ರಕ್ತ ಒಮ್ಮೆ ನೋಡೂಣು."

"ಗಂಡಸ್ತನಕ್ಕ ಏನರ...?"

"ಏನೂ ಆಗೂದಿಲ್ಲ. ಬ್ಯಾನಿ ಹೋಗ್ತದ, ಅಷ್ಟ. ಒಂದು ಕೇಳ್ತೀನಿ. ಕೂಸಿದ್ದಾಗ ನಿಮಗ ಯಾರು ಎರೀತಿದ್ರು? ಕೆಲವು ಮನಿಯಾಗ ಸ್ವಚ್ಛ ಆಗ್ಲಿ ಅಂತ ಎಣ್ಣಿ ಹಚ್ಚಿ ಆ ಚರ್ಮ ಜಗ್ಗಿ ಹಿಂದ ಸರಸ್ತಾರ. ಅದು ಒಳಗ ಹರೀತದ, ಮಾಯ್ದಾಗ ಬಿಗಿ ಆಗ್ತದ. ನಿಮಗ ಅದ ಕಾರಣ ಅಂತ ಗಟ್ಟಿ ಹೇಳಾಕ ಬರೂದಿಲ್ಲ, ಆದ್ರ ಇರಬಹುದು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಎರೆದವಳು ಶಟ್ಟೆವ್ವನೇ. ಕೂಸು ಎರೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಇಂದಿಗೂ ಯಾರ ಮನೆಯಲ್ಲಿ ಬಾಣಂತನವಾದರೂ ಮೊದಲ ಕರೆ ಅವಳಿಗೇ. ಜಗ್ಗುವುದೂ ಅವಳ ರೂಢಿಯೇ. ಹಾಗೆ ಮಾಡದಿದ್ದರೆ ಕೂಸಿಗೆ ಮುಂದೆ ತೊಂದರೆಯೆಂದು ಬಾಣಂತಿಯರಿಗೆ ಅವಳೇ ಬುದ್ಧಿ ಹೇಳುತ್ತಿದ್ದಳು.

ಭೀಮಶಿ ರಕ್ತ ಕೊಡಲು ಉಳಿದ. ಮಹಾನಂದಾ ಒಬ್ಬಳೇ ಹೊರಗೆ ಬಂದಳು.

"ಏನಂದ? ಕೊಯ್ತಾನಂತೇನು? ಅಯ್ಯ ನಮ್ಮಪ್ಪಾ, ನಮ್ಮ ಕುಲದಾಗ ಇಲ್ಲದ್ದು..."

"ಕುಲಕ್ಕಲ್ರಿ ಅತ್ತಿ, ಬ್ಯಾನಿಗಿ."

"ಯಾಕ ಆತಂತ ಇದು?"

ಮಹಾನಂದಾ ಅತ್ತೆಯ ಪಕ್ಕ ಕುಳಿತಳು. ನಾಲ್ಕು ವರ್ಷ ತಿಂದ ಮಾತುಗಳನ್ನೆಲ್ಲ ಒಂದೇ ಮಾತಿನಲ್ಲಿ ತಿರುಗಿಸಿ ಕೊಡಬಹುದಿತ್ತು! ಮುದುಕಿ ಮಾತ್ರ ಮಗನಿಗೇನಾಗುವುದೋ ಎಂದು ಬೆಂಚಿನ ತುದಿಗೆ ಸರಿದು ಬಾಯಿ ತೆರೆದು ಕೂತಿದ್ದಳು.

"ಹುಟ್ಟಿನಿಂದನ ಬಂದದ್ದಂತ್ರಿ."

"ಹಂಗಾರ ಯಾರ ತಪ್ಪೂ ಅಲ್ಲ ಬಿಡು." ಶಟ್ಟೆವ್ವ ದೊಡ್ಡದಾಗಿ ಉಸಿರು ಬಿಟ್ಟಳು. "ಲಗೂ ಊರ ಮುಟ್ಟೂಣು. ನಮ್ಮ ಓಣ್ಯಾಗಿನ ಬಾಳೇಶನ ಹೇಣ್ತಿ ಗಂಡಸಮಗನ್ನ ಹಡದಾಳ, ನಾಳಿಂದ ನಾನ ಎರೀಬೇಕು."

ಮಹಾನಂದಾಳ ಕಣ್ಣು ಅತ್ತೆಯ ಕೈಗಳ ಮೇಲೆ ಬಿತ್ತು. ಅತ್ತೆಯ ಮನಸ್ಸು ಉಳಿಸಲು ಹೋದರೆ ಇನ್ನೊಂದು ಕೂಸು... ಇನ್ನು ಇಪ್ಪತ್ತು ವರ್ಷಕ್ಕೆ ಇನ್ನೊಬ್ಬ ಮಹಾನಂದಾ!

"ಅತ್ತಿ... ಎಣ್ಣಿ ಹಚ್ರಿ, ಬಿಸಿ ನೀರ ಹಾಕ್ರಿ. ಆದ್ರ ಆ ಚರ್ಮ ಜಗ್ಗಬ್ಯಾಡ್ರಿ. ತಾನ ಸಡಲಾಗ್ತೈತಂತ."

ಶಟ್ಟೆವ್ವನ ದವಡೆಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಎರಡೂ ಅಂಗೈ ತಿರುಗಿಸಿ ನೋಡಿಕೊಂಡು, ಮೆಲ್ಲಗೆ ಸೆರಗಿನೊಳಗೆ ಸೇರಿಸಿದಳು.

"ಹುಟ್ಟಿನಿಂದನ ಬಂದದ್ದಂದಿ?"

"ಹೌದ್ರಿ."

"ಹೌದ ಅನಬ್ಯಾಡ ನನ್ನವ್ವಾ... ನನ್ನ ಕೈಲೆ ನಾನ ಮಾಡಿ, ನಿನ್ನ ಬಂಜಿ ಅಂದ್ನೆಲ್ಲ!" ದವಾಖಾನೆಯೆನ್ನುವುದನ್ನೂ ಮರೆತು ಮುದುಕಿ ಸೊಸೆಯ ಹೆಗಲಿಗೆ ಬಿದ್ದು ಗೊಳೋ ಎಂದು ಅತ್ತಳು. ಮಹಾನಂದಾ ಅವಳ ಬೆನ್ನ ಮೇಲೆ ಕೈಯಾಡಿಸಿದಳು.

ವಾರ ಕಳೆದು ಆಪರೇಷನ್ ಆಯಿತು. ರಾಮದುರ್ಗದ ಅಣ್ಣನಿಗೆ ಬರಬೇಡವೆಂದು ಶಟ್ಟೆವ್ವನೇ ಫೋನು ಮಾಡಿಸಿದ್ದಳು. ಈಗ ಎಳನೀರು ತರಲು ಪೇಟೆಗೆ ಹೋಗಿದ್ದಳು. ದವಾಖಾನೆಯ ಮಂಚದ ಮೇಲೆ ಮಲಗಿದ್ದ ಭೀಮಶಿ ಹೆಂಡತಿಯ ಮುಖ ನೋಡಲಾರದೆ ಗೋಡೆಗೆ ಹೇಳಿದ:

"ಇನ್ನೂ ಆರ ವಾರ ದೂರ ಇರಬೇಕಂತ ಹೇಳ್ಯಾರ ಡಾಕ್ಟರು. ನಿನಗ ಮತ್ತ ಕಾಯೂದ ಬಂತು..."

"ಬರ್ಲಿ ಬಿಡ್ರಿ. ಇಷ್ಟ ದಿನ ನೀವು ಬರ್ತೀರೋ ಇಲ್ಲೋ ಗೊತ್ತಿಲ್ದ ಕಾದೆ. ಈಗ ಬರ್ತೀರಂತ ಗೊತ್ತಿಟ್ಟ ಕಾಯ್ತೀನಿ."

ಭೀಮಶಿ ಹೊರಳಿ ನೋಡಿದ. ಅವಳ ಕೈ ಹಿಡಿದುಕೊಂಡ. ಮಹಾನಂದಾ ಕಿಟಕಿಯ ಕಡೆ ಮುಖ ತಿರುಗಿಸಿ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡಳು. ಅತ್ತೆ ಎಳನೀರು ಹಿಡಿದು ಒಳಗೆ ಬಂದಾಗಲೂ ಅವಳು ಆ ಕೈ ಬಿಡಿಸಿಕೊಳ್ಳಲಿಲ್ಲ.