ಕಾಣೆಯಾದ ಗೋಣಿಪರದೆ

ಹೊಲಿಗೆಯಕ್ಕ ನರ್ಸಮ್ಮನವರ ಮನೆಯ ಮೂರು ಮೆಟ್ಟಿಲು ಹತ್ತುವುದರೊಳಗೆ ಎರಡು ಸಲ ನಿಂತಳು. ನಾನು ಕುರ್ಚಿ ಎಳೆದುಕೊಟ್ಟೆ. ಉಸಿರು ಸುಧಾರಿಸಿಕೊಂಡು, "ಟ್ರಂಕಲ್ಲಿದ್ದ ಪರದೆ ಇಲ್ಲ ನರ್ಸಮ್ಮ. ನಾಳೆ ವಿಚಾರಣೆ," ಎಂದಳು.

ನರ್ಸಮ್ಮ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಶೀಟಿನ ಕಾರ್ಖಾನೆಯ ದವಾಖಾನೆಯಲ್ಲಿ ಮೂವತ್ತು ವರ್ಷ ಸೂಜಿ ಚುಚ್ಚಿ ನಿವೃತ್ತರಾದವರು. ಕಾಲೊನಿಯಲ್ಲಿ ಏನು ಕಳೆದರೂ ಜನ ಮೊದಲು ತಟ್ಟುವುದು ಅವರ ಬಾಗಿಲನ್ನು. ನಾನು ಅದೇ ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುತ್ತಿದ್ದವನು, ಎಲ್ಲರ ಬಾಯಲ್ಲಿ ಸ್ಟೋರಪ್ಪ. ಈಗ ಅವರ ಚೀಲ ಹೊತ್ತು ತಿರುಗುವುದೇ ನನ್ನ ಉದ್ಯೋಗ. ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಆ ಪರದೆ ಕಲ್ನಾರು ತುಂಬಿಬರುತ್ತಿದ್ದ ಗೋಣಿಚೀಲದ್ದು. ಹೊಲಿಗೆಯಕ್ಕ ಅದನ್ನು ಬಿಚ್ಚಿ ಹೊಲಿದು, ಅಡುಗೆಮನೆ ಬಾಗಿಲಿಗೆ ಇಳಿಬಿಟ್ಟು, ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಕೊಡವಿದವಳು. ಆ ಧೂಳು ಕುಡಿದು ಈಗ ಅವಳ ಶ್ವಾಸಕೋಶ ಬಿಗಿದು ಗಟ್ಟಿಯಾಗಿದೆ. ಗೇಟು ಕಾಯುತ್ತಿದ್ದ ಗಂಡ ಗೇಟಣ್ಣ ಧೂಳಿನ ವಿಭಾಗಕ್ಕೆ ಕಾಲಿಟ್ಟವನಲ್ಲ, ಹೆಂಡತಿಯಂತೂ ಗೇಟನ್ನೇ ದಾಟಿಲ್ಲ, ಹಾಗಾಗಿ ಇದು ನಮ್ಮ ಕಾಯಿಲೆಯಲ್ಲ ಎನ್ನುತ್ತಿತ್ತು ಕಾರ್ಖಾನೆ. ಚಿಕಿತ್ಸೆಯ ಖರ್ಚಿಗಾಗಿ ಅವಳು ಹಾಕಿದ ಕೇಸಿಗೆ ಅವರ ಮುದ್ರೆಯಿದ್ದ ಆ ಗೋಣಿಯೊಂದೇ ಸಾಕ್ಷಿ. ಅದಿಲ್ಲದಿದ್ದರೆ ದೊಡ್ಡಾಸ್ಪತ್ರೆಯ ಚಿಕಿತ್ಸೆ ಅವಳ ಪಾಲಿಗಿಲ್ಲ.

ಹಿಂದಿನ ಭಾನುವಾರ ನರ್ಸಮ್ಮನೇ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿಗಿಟ್ಟಿದ್ದರು. ಅಲ್ಲಿದ್ದವರು ಗಂಡ, ಹೆಂಡತಿ ಮತ್ತು ನಾನು. "ಕವರ್ ಹರಿದ್ರೆ ಪೊರಕೆ ಮುಟ್ಬೇಡಿ. ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೇನೂ ಬಿಸಾಕಿ. ಸುಟ್ರೂ ಈ ಧೂಳು ಸಾಯಲ್ಲ, ನೆಂದಿದ್ರೆ ಮಾತ್ರ ಹಾರಲ್ಲ," ಎಂದಿದ್ದರು. ಗೋಣಿಯ ಮೂಲೆಯಲ್ಲಿ ಮಾಸಿದ ಕೆಂಪು ಸುತ್ತೊಂದಿತ್ತು. "ಇದೇನ್ರೀ?" ಎಂದು ನನ್ನನ್ನು ಕೇಳಿದರು. "ಯಾವುದೋ ಬಣ್ಣ ತಾಗಿರ್ಬೇಕು," ಎಂದೆ.

ನಾವು ಹೋದಾಗ ಗೇಟಣ್ಣ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಟ್ರಂಕಿನ ಕೊಂಡಿಗೆ ಪ್ಲಾಸ್ಟಿಕ್ಕಿನ ಚೂರು ಸಿಕ್ಕಿಕೊಂಡಿತ್ತು. ಅದರ ಮುಂದಿನ ನೆಲ ಮಾತ್ರ ಮೊರದಗಲ ಚೊಕ್ಕವಾಗಿತ್ತು.

"ಒರೆಸೋ ಬಟ್ಟೆ ಎಲ್ಲಿದೆಯಮ್ಮ?" ಎಂದರು ನರ್ಸಮ್ಮ.

"ಅದೂ ಕಾಣ್ತಿಲ್ಲ. ಬೀಗದ ಕೈ ಮಿಷನ್ ಡ್ರಾಯರಲ್ಲಿರೋದು ಎಲ್ಲರಿಗೂ ಗೊತ್ತು. ನಿನ್ನೆ ಸಂಜೆ ಕಾರ್ಖಾನೆ ಸೂಪರ್‌ವೈಸರ್ ಹಣ್ಣು ಹಿಡ್ಕೊಂಡು ಬಂದಿದ್ರು, ನಾನು ಕಾಫಿ ಮಾಡೋವರೆಗೂ ಇಲ್ಲಿ ಒಬ್ರೇ ಇದ್ರು. ಆಮೇಲೆ ನನ್ನ ತಮ್ಮ ಬಂದ. ಅವನೂ ಅಲ್ಲೇ ಕೆಲಸದಲ್ಲಿರೋನು, ಕೇಸು ಬೇಡಕ್ಕ ಅಂತಾನೇ ಇದ್ದಾನೆ."

ಹಿತ್ತಲಿನ ಹಗ್ಗದಲ್ಲಿ ಒಂದೇ ಒಂದು ಶರ್ಟು, ಸರಿಯಾಗಿ ಹಿಂಡದೆ, ನೀರು ತೊಟ್ಟಿಕ್ಕುತ್ತಿತ್ತು. ಹೊಲಿಗೆಯಕ್ಕ ನಕ್ಕಳು. "ನಮ್ಮೆಜಮಾನ್ರು ಒಗ್ದಿದ್ದು. ಮದುವೆಯಾದಾಗಿಂದ ಒಂದು ಕರವಸ್ತ್ರ ಒಗ್ದೋರಲ್ಲ."

ನೀರಿನ ತೊಟ್ಟಿಯ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಪಕ್ಕದಲ್ಲಿ ಎರಡು ಖಾಲಿ ಕೊಡ.

"ಹಲ್ಲಿ ಬಿದ್ದಿದೆ, ಮುಟ್ಬೇಡ ಅಂದ್ರು ಇವ್ರು. ಪಕ್ಕದ ಮನೆಯಿಂದ ತರ್ತಿದೀನಿ."

ನರ್ಸಮ್ಮ ಹಲಗೆಯನ್ನು ಮುಟ್ಟಲೂ ಇಲ್ಲ. "ಸಂಜೆ ಸೂಪರ್‌ವೈಸರನ್ನೂ ನಿನ್ನ ತಮ್ಮನನ್ನೂ ಕರೆಸು," ಎಂದಷ್ಟೇ ಹೇಳಿದರು.

ಸಂಜೆ ಆರು ಜನ ಆ ಪುಟ್ಟ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ನರ್ಸಮ್ಮ ಗಂಟಲು ಸರಿಮಾಡಿಕೊಂಡರು.

"ಪರದೆ ಎಳೆಯುವಾಗ ಕವರ್ ಹರೀತು, ಧೂಳು ಬಿತ್ತು. ಬಿದ್ದದ್ದನ್ನ ಒದ್ದೆ ಬಟ್ಟೇಲಿ ಒರೆಸಿದ್ದಾರೆ. ಸೂಪರ್‌ವೈಸರೇ, ನಿಮ್ಮಲ್ಲಿ ನೆಲ ಹೇಗೆ ಗುಡಿಸ್ತಾರೆ?"

"ಪೊರಕೇಲಿ. ಇನ್ನೇನ್ರೀ?" ಎಂದರು ಸೂಪರ್‌ವೈಸರ್.

"ಹಾಗಾದ್ರೆ ನೀವಲ್ಲ. ಭಾನುವಾರ ಇವಳ ತಮ್ಮ ಡ್ಯೂಟೀಲಿದ್ದ, ನನ್ನ ಮಾತು ಕೇಳಿಲ್ಲ. ಅವನೂ ಅಲ್ಲ. ಒರೆಸಿದ ಬಟ್ಟೆ ಬಿಸಾಕಿ, ಹೆಂಡತಿ ಕೈಗೆ ಆ ಧೂಳು ಮತ್ತೆ ಸೋಕ್ಬಾರ್ದು ಅಂತ ಶರ್ಟನ್ನ ತಾನೇ ಒಗೆದೋನು ಒಬ್ಬನೇ. ಪರದೇನ ಸುಡೋಹಾಗಿಲ್ಲ, ಅದು ಒಣಗೋಹಾಗೂ ಇಲ್ಲ. ಅದಕ್ಕೆ ತೊಟ್ಟೀಲಿ ಮುಳುಗಿಸಿ ಹಲ್ಲಿ ಕತೆ ಕಟ್ಟಿದ. ಅಲ್ವೇನಪ್ಪ?"

ಗೇಟಣ್ಣ ಮುಖ ಎತ್ತಲಿಲ್ಲ. "ಯಾರು ತಂದದ್ದು ಅಂತ ನಾಳೆ ಕೇಳ್ತಾರೆ. ಅಷ್ಟು ಜನರ ಮುಂದೆ, ಇವಳ ಮುಂದೆ, ನಾನೇ ತಂದೆ ಅನ್ಬೇಕು. ನಾಚಿಕೆಯಾಯ್ತು ನರ್ಸಮ್ಮ."

"ತಂದೋರು ನೀವು, ಹೊಲಿದೋಳು ನಾನು," ಎಂದಳು ಹೊಲಿಗೆಯಕ್ಕ. "ನಂಗೆ ಉಸಿರು ಬೇಕು ರೀ. ನಿಮ್ಮ ನಾಚಿಕೆ ಇಟ್ಕೊಂಡು ನಾನೇನು ಮಾಡ್ಲಿ?"

ಸೂಪರ್‌ವೈಸರ್ ಎದ್ದು ನಿಂತರು. "ಸಿಕ್ಕರೆ ಏನಾಯ್ತು? ಕದ್ದು ತಂದದ್ದು ಅಂತಾರೆ ನಮ್ಮ ವಕೀಲರು. ಕಾರ್ಖಾನೆ ಯಾರಿಗೂ ಗೋಣಿ ಕೊಟ್ಟಿಲ್ಲ."

"ನಾನು ಕದ್ದಿಲ್ಲ," ಎಂದ ಗೇಟಣ್ಣ. ಕೊಟ್ಟವರು ಯಾರೆಂದು ಮಾತ್ರ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆ ಪುಣ್ಯಾತ್ಮ ಆಗಲೂ ನನ್ನ ಮಾನ ಕಾಯುತ್ತಿದ್ದ.

ನರ್ಸಮ್ಮ ಚೀಲದಲ್ಲಿ ಏನೋ ಹುಡುಕುವವರಂತೆ ಕೂತರು. ಅವರು ಕಾಯುತ್ತಿದ್ದಾರೆಂದು ನನಗೆ ಗೊತ್ತಾಯಿತು. ಭಾನುವಾರದಿಂದ ನುಂಗಿಕೊಂಡಿದ್ದ ಮಾತನ್ನು ಹೊರಹಾಕಿದೆ.

"ಮೂಲೇಲಿರೋ ಕೆಂಪು ಸುತ್ತು ನಂದು," ಎಂದೆ. "ಗೇಟು ದಾಟಬಹುದು ಅನ್ನೋದಕ್ಕೆ ಸ್ಟೋರಿನ ಗುರುತು. ಮ್ಯಾನೇಜರಿಗೂ ಗೊತ್ತಿತ್ತು. ನಾನೇ ಕೊಟ್ಟೆ. ಹರಿಯದೇ ಇರೋದನ್ನ ಆರಿಸಿ, ಬೇಕಾದೋರಿಗೆ ಮಾತ್ರ ಕೊಡ್ತಿದ್ದೆ. ನಾಳೆ ಬಂದು ಹೇಳ್ತೀನಿ."

ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ಆ ಕಾಲದಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದವನು ನಾನು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಸೂಪರ್‌ವೈಸರ್ ಚಪ್ಪಲಿ ಮೆಟ್ಟಿ ಹೊರಟುಹೋದರು.

ನರ್ಸಮ್ಮ ಚೀಲದಿಂದ ನೋಟ್‌ಬುಕ್ ತೆಗೆದರು. "ಇನ್ನೂ ಯಾವ ಯಾವ ಮನೆಗೆ ಕೊಟ್ಟಿದ್ರಿ? ಎಲ್ಲರ ಎದೆ ಪರೀಕ್ಷೆ ಮಾಡಿಸ್ಬೇಕು. ಮೊದಲಿಂದ ಹೇಳಿ."

ಮೊದಲನೆಯದೇ ನನ್ನ ಬಾಯಿಂದ ಹೊರಡಲಿಲ್ಲ. ದವಾಖಾನೆಗೆ ನರ್ಸಮ್ಮ ಹೊಸದಾಗಿ ಬಂದ ವರ್ಷ, ಎಲ್ಲಕ್ಕಿಂತ ಒಳ್ಳೆಯ ಗೋಣಿ ಆರಿಸಿ, ಕಾಲೊರೆಸಲು ಇಟ್ಟುಕೊಳ್ಳಿ ಎಂದು ನಾನೇ ಅವರ ಮನೆಗೆ ಹೊತ್ತೊಯ್ದಿದ್ದೆ.

"ನಿಮ್ಮನೆ," ಎಂದೆ.

"ಗೊತ್ತು," ಎಂದು ನರ್ಸಮ್ಮ ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದುಕೊಂಡರು. "ಮುಂದಿನದು ಹೇಳಿ."