ಪಾಸಾಗದ ಕೋಟು

"ಕೈ ಎತ್ತಿ," ಎಂದಳು ಶಶಿಕಲಾ.

ಎದುರಿಗಿದ್ದವನು ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತ. "ನಾ ಏನೂ ಕದ್ದಿಲ್ರಿ ಮೇಡಂ."

ಹೊಲಿಗೆ ಮಷಿನ್‌ಗಳ ಹಿಂದಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಶಶಿಕಲಾಗೂ ನಗು ಬಂತು. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಮರ್ಯಾದೆ ಉಳಿಯಿತು.

"ತಲೆ ಮೇಲಿನ ಲಗೇಜ್ ಬಾಗಿಲು ಮುಚ್ಚೋ ಹಾಗೆ ಎತ್ತಿ ಸಾರ್. ಒಂದೇ ಕೈ."

"ಹಂಗ ಎತ್ತಿದ್ರ ತೋಳು ಬಿಗಿ ಆಗ್ತೈತ್ರಿ. ಕೈ ಸಂಗಡ ಕೋಟೂ ಮ್ಯಾಲ ಬರ್ತೈತಿ."

ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾದ ಆ ಹೊಲಿಗೆ ಘಟಕಕ್ಕೆ ಒಂದು ವಿಮಾನ ಕಂಪನಿಯ ಕೆಲಸ ಬಂದಿತ್ತು. ಕ್ಯಾಬಿನ್ ಸಿಬ್ಬಂದಿಯ ಹಳೆಯ ಬೂದು ಸೂಟು ಹೋಗಿ, ಹೆಂಗಸರಿಗೆ ಕುರ್ತಾ-ಪ್ಯಾಂಟು, ಗಂಡಸರಿಗೆ ಕೊರಳು ಮುಚ್ಚುವ ನೀಲಿ ಬಂದ್‌ಗಲಾ ಕೋಟು ಬರಬೇಕಿತ್ತು. ಕೋಟಿನ ಬಟ್ಟೆ ಕತ್ತರಿಸುವವಳು ಹೇರೋಹಳ್ಳಿಯ ಶಶಿಕಲಾ. ಅದನ್ನು ತೊಟ್ಟು ವಿಮಾನದಲ್ಲಿ ಓಡಾಡಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಬಂದು ಹೇಳಲು ಕಂಪನಿ ಆರಿಸಿದವನು ವಿಠ್ಠಲ. ಗದಗದ ಕಡೆಯ ಹುಡುಗ, ವಿಜಯನಗರದಲ್ಲಿ ಗೆಳೆಯರ ಜೊತೆ ರೂಮು.

ಕೋಟು ಸರಿಹೋದರೆ ಆ ಅಳತೆಗೆ ಮಾದರಿಯೆಂದು ಸೀಲು ಹಾಕುತ್ತಾರೆ. ಸೀಲು ಬಿದ್ದ ಮೇಲೆ ಯಾರೂ ಮುಟ್ಟುವಂತಿಲ್ಲ, ಟ್ರಯಲ್ ಕೊಡಲು ಯಾರೂ ಬರಬೇಕಾಗಿಲ್ಲ. ವಿಠ್ಠಲನೂ ಬರುವುದಿಲ್ಲ.

ಇದು ಹೊಳೆದ ದಿನದಿಂದ ಶಶಿಕಲಾಳ ಕತ್ತರಿ ಹಾದಿ ತಪ್ಪಿತು. ಕಂಕುಳಿನ ಬಳಿ ತೋಳಿಗೆ ಒಂದಿಷ್ಟು ಬಟ್ಟೆ ಹೆಚ್ಚು ಬಿಟ್ಟು ಕತ್ತರಿಸಿದರೆ ಅದು ಸಲೀಸಾಗಿ ಏಳುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಬಿಗಿಯಾಗಿಯೇ ಬಿಟ್ಟಳು.

ವಾರವಾರವೂ ವಿಠ್ಠಲ ಬಂದ, ತೋಳಿನ ಜೊತೆ ಕಾಲರ್ ಚುಚ್ಚುತ್ತದೆ ಎಂಬ ದೂರನ್ನೂ ಹೊತ್ತು. ಬಂದವನು ಬರಿಗೈಯಲ್ಲಿ ಬರಲಿಲ್ಲ. ಅವ್ವ ಕಳಿಸಿದ ಶೇಂಗಾ ಹೋಳಿಗೆ ಎಲ್ಲರಿಗೂ ಹಂಚಿ, ಮುರಿಯದ ಒಂದನ್ನು ಅವಳ ಮೇಜಿನ ಮೇಲೆ ಇಡುತ್ತಿದ್ದ. ಅಳತೆ ಟೇಪು ಅವನ ಭುಜದ ಮೇಲೆ ಹರಿಯುವಾಗ ಉಸಿರು ಬಿಗಿಹಿಡಿಯುತ್ತಿದ್ದ.

"ಉಸಿರಾಡಿ ಸಾರ್, ಇಲ್ದಿದ್ರೆ ಅಳತೆ ತಪ್ಪುತ್ತೆ."

"ತಪ್ಪಲಿ ಬಿಡ್ರಿ. ಮತ್ತ ಬರ್ತೀನಿ."

ಅವಳು ತಲೆಯೆತ್ತಿದಳು. ಅವನ ಕಣ್ಣು ಅವಳ ಮೂಗುತಿಯ ಮೇಲಿತ್ತು. ಸಿಕ್ಕಿಬಿದ್ದದ್ದು ತಿಳಿದು ಅವಸರದಲ್ಲಿ ಫ್ಯಾನಿನ ಕಡೆ ಹೊರಳಿತು.

"ಹುಡುಗೀರ ಕುರ್ತಾ ಪಾಸಾಗಿ ಹೋಯ್ತು," ಎಂದು ಗೊಣಗಿದರು ಕಟಿಂಗ್ ಮಾಸ್ಟರ್ ಮುರುಗೇಶ್. "ಈ ಒಂದು ಕೋಟಿಗೆ ಏನ್ ಬಂತಮ್ಮ ದೊಡ್ಡ ರೋಗ?"

ರೋಗ ಕೋಟಿಗಲ್ಲ ಎನ್ನುವುದು ಅವರಿಗೂ ಗೊತ್ತಿದ್ದಿರಬೇಕು.

ಒಂದು ಗುರುವಾರ, ಮಷಿನ್‌ಗಳ ಸದ್ದಿನ ಮಧ್ಯೆ ವಿಠ್ಠಲ ಕನ್ನಡಿಯೊಳಗಿಂದಲೇ ಅವಳನ್ನು ನೋಡಿ ಕೇಳಿದ: "ಖರೇ ಹೇಳ್ರಿ. ಮುಂದಿನ ವಾರ ನಾ ಬರಬೇಕಾಗಿರೋದು ಕೋಟಿಗೋ, ನಿಮಗೋ?"

ಅವಳ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಷಿನ್‌ಗಳೆಲ್ಲ ಒಟ್ಟಿಗೆ ನಿಂತವು. ಸೂಜಿ ಬಿದ್ದರೂ ಕೇಳಿಸುವ ಆ ಮೌನದಲ್ಲಿ ಎಲ್ಲ ತಲೆಗಳೂ ಇವರ ಕಡೆ ತಿರುಗಿದವು.

"ಕೋಟಿಗೇ ಸಾರ್," ಎಂದಳು ಶಶಿಕಲಾ. "ಕಂಪನಿ ಕೆಲಸ ಅಲ್ವಾ?"

ವಿಠ್ಠಲ ನಕ್ಕ. ವಿಮಾನದ ಬಾಗಿಲಲ್ಲಿ ನಿಂತು ಪ್ರಯಾಣಿಕರನ್ನು ಬೀಳ್ಕೊಡುವ ನಗು ಅದು. ಅವಳ ಕಡೆಗೆ ಅದನ್ನು ಹಿಂದೆಂದೂ ನಕ್ಕಿರಲಿಲ್ಲ.

ಆ ಸಂಜೆ ಎಲ್ಲರೂ ಹೋದ ಮೇಲೆ ಅವಳು ಕೋಟಿನ ತೋಳು ಬಿಚ್ಚಿ, ಹೊಸ ತೋಳನ್ನು ಸರಿಯಾಗಿ ಕತ್ತರಿಸಿ ಕೂಡಿಸಿದಳು. ಇನ್ನು ನೆಪ ಸಾಕು, ಮುಂದಿನ ವಾರ ಬಾಯಿಬಿಟ್ಟು ಹೇಳಿಬಿಡೋಣ ಎಂದು ನಿಶ್ಚಯಿಸಿದಳು. ಆದರೆ ಮುಂದಿನ ವಾರ ಅವನು ಬರಲಿಲ್ಲ. ಡ್ಯೂಟಿ ಇದೆಯೆಂದು ಕೋಟನ್ನು ಗೆಳೆಯನ ಕೈಲಿ ತರಿಸಿಕೊಂಡು, "ಎಲ್ಲಾ ಸರಿ ಐತಿ" ಎಂದು ಕಂಪನಿಗೆ ಹೇಳಿಬಿಟ್ಟ. ಅದೇ ಅಳತೆಯ ಇನ್ನೊಂದು ಕೋಟಿಗೆ ಸೀಲು ಬಿತ್ತು.

ಟ್ರಯಲ್ ಕೋಟು ಮಾತ್ರ ವಾಪಸ್ ಬರಲೇಬೇಕಿತ್ತು. ಹೊರಗಿನವರು ಯಾರೂ ತೊಟ್ಟು ಸಿಬ್ಬಂದಿಯ ಸೋಗು ಹಾಕಬಾರದೆಂದು, ತೊಟ್ಟವನ ಎದುರಿಗೇ ಅದನ್ನು ಕತ್ತರಿಸಿ ಹಾಕುವುದು ಪದ್ಧತಿ.

ವಿಠ್ಠಲ ಅದನ್ನು ತಂದ. ಶಶಿಕಲಾ ಕತ್ತರಿ ಎತ್ತಿಕೊಂಡಳು.

"ತಡೀರಿ. ಒಮ್ಮೆ ಹಾಕ್ಕೊಂತೀನಿ."

ತೊಟ್ಟುಕೊಂಡು ಕೈ ಮೇಲೆತ್ತಿದ. ತೋಳು ಸರಾಗ ಎದ್ದಿತು. ಕೋಟು ಇದ್ದಲ್ಲೇ ಇತ್ತು.

"ಕೊನೀಗೆ ಇಷ್ಟು ಚಲೋ ಹೆಂಗಾತ್ರಿ? ಭಾಳ ಕಷ್ಟಾತೇನು?"

"ಒಂದು ಸಂಜೆ ಕೆಲಸ," ಎಂದಳು. "ಮೊದಲ್ನೇ ವಾರಾನೇ ಮಾಡ್ಬಹುದಿತ್ತು. ಮಾಡ್ಲಿಲ್ಲ."

ಅವನ ಕೈ ನಿಧಾನಕ್ಕೆ ಕೆಳಗಿಳಿಯಿತು.

"ನನಗ ಕಾಲರ್ ಚುಚ್ಚತೈತಿ ಅಂತ ಹೇಳ್ತಿದ್ನಲ್ರಿ," ಎಂದ. "ಯಾವತ್ತೂ ಚುಚ್ಚಿಲ್ಲ."

ಇಬ್ಬರೂ ನಕ್ಕರು. ನಗುತ್ತಲೇ ಅವಳ ಕಣ್ಣು ತುಂಬಿತು. ಈಗ ಹೇಳಬಹುದು ಎಂದುಕೊಂಡಳು. ಅವನೇ ಮೊದಲು ಹೇಳಿದ.

"ಆ ಕರೆಂಟ್ ಹೋದ ದಿನ ರಾತ್ರಿ ಅವ್ವಗ ಫೋನ್ ಮಾಡಿ 'ಆಗ್ಲಿ' ಅಂದ್ಬಿಟ್ಟೆ. ಸೋದರಮಾವನ ಮಗಳು. ಹೋದ ವಾರ ನಿಶ್ಚಯ ಆತು."

ಶಶಿಕಲಾ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಹೆಸರೇನು?"

"ಕಲಾವತಿ. ಆಕೀದೇನೂ ತಪ್ಪಿಲ್ರಿ. ಭಾಳ ಖುಷಿ ಅದಾಳ."

ನಿಶ್ಚಯ ಮುರಿಯಿರಿ ಎನ್ನಲು ಒಂದು ಮಾತು ಸಾಕಿತ್ತು. ಅವನು ಆ ಮಾತಿಗೇ ಕಾಯುತ್ತಿದ್ದಾನೆ ಎಂದೂ ಅವಳಿಗೆ ಅನ್ನಿಸಿತು. ಆದರೆ ಖುಷಿಯಾಗಿದ್ದಾಳೆ ಎಂಬ ಆ ಕಾಣದ ಹುಡುಗಿ ಇಬ್ಬರ ನಡುವೆ ಬಂದು ನಿಂತಿದ್ದಳು.

"ಅವ್ರನ್ನ ಕಾಯ್ಸಬೇಡಿ," ಎಂದಳು. "ಮನಸಲ್ಲಿರೋದನ್ನ ನೀವೇ ಮೊದಲು ಹೇಳಿ. ಗದ್ದಲ ಇದ್ರೂ ಸರಿ, ಇಲ್ದಿದ್ರೂ ಸರಿ."

ಅವನು ಕೋಟು ಕಳಚಿ ಮೇಜಿನ ಮೇಲೆ ಹರಡಿದ. ಬಟ್ಟೆ ಇನ್ನೂ ಬೆಚ್ಚಗಿತ್ತು. ಒಂದು ತುದಿ ಅವನು ಹಿಡಿದ, ಇನ್ನೊಂದನ್ನು ಅವಳು. ಕಂಕುಳಿನ ಹೊಲಿಗೆಯಿಂದಲೇ ಕತ್ತರಿ ಶುರುವಾಯಿತು. ಮಷಿನ್‌ಗಳು ಎಂದಿನಂತೆ ಗಡಗಡ ಓಡುತ್ತಿದ್ದವು. ಇವರತ್ತ ಯಾರೂ ನೋಡಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಆ ನೀಲಿ ಕೋಟು ಊರೆಲ್ಲ ಕಾಣತೊಡಗಿತು. ಒಂದು ಬೆಳಗ್ಗೆ ವಿಜಯನಗರದಲ್ಲಿ ಮೆಟ್ರೋ ಹತ್ತಿದಾಗ ಬಾಗಿಲ ಬಳಿ ಒಬ್ಬ ಅದನ್ನು ತೊಟ್ಟು ನಿಂತಿದ್ದ. ಶಶಿಕಲಾ ಜನರನ್ನು ಸರಿಸಿ ಒಂದು ಹೆಜ್ಜೆ ಮುಂದಿಟ್ಟಳು. ಅವನು ತಿರುಗಿದ. ಯಾರೋ ಬೇರೆ ಹುಡುಗ.

ಗಾಡಿ ಹೊರಟಿತು. ಹುಡುಗ ಕೈ ಮೇಲೆತ್ತಿ ಕಂಬಿ ಹಿಡಿದುಕೊಂಡ. ತೋಳು ಎಲ್ಲೂ ಬಿಗಿಯಲಿಲ್ಲ.